ಪಿಟೀಲಿನೊಳಗಿನ ಹಳದಿ ಚೀಟಿ

ಚೀಟಿಯನ್ನು ಮೊದಲು ನೋಡಿದವಳು ನಾನು. ಈಗಲೂ ನಮ್ಮ ಬಂಧುಬಳಗದಲ್ಲಿ ಯಾರಾದರೂ ಆ ಮಾತು ಎತ್ತಿದರೆ ಎಲ್ಲಾ ಇವಳಿಂದಲೇ ಆಗಿದ್ದು ಅನ್ನುತ್ತಾರೆ. ಅನ್ನಲಿ ಬಿಡಿ, ಸುಳ್ಳೇನಲ್ಲ. ಆದರೆ ಆ ಮೂರು ವಾರ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಂಥ ಸಡಗರ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತಮೂರು. ಬಿ.ಎಸ್ಸಿ. ಮುಗಿಸಿ ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆ ಕಡೂರಿನಲ್ಲಿ. ಬೆಳಿಗ್ಗೆ ಬುತ್ತಿ ಹಿಡಿದು ರೈಲು ಹತ್ತಿದರೆ ಸಂಜೆ ರೈಲಿನಲ್ಲೇ ವಾಪಸ್ಸು. ಅಪ್ಪನದು ಕೊಬ್ಬರಿ ವ್ಯಾಪಾರ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನನ್ನನ್ನು ಸಾಕಿದವರು, ಮನೆ ನಡೆಸಿದವರು ಅತ್ತೆ, ಅಂದರೆ ಅಪ್ಪನ ಅಕ್ಕ. ಗಂಡ ಸತ್ತ ವರ್ಷವೇ ತವರಿಗೆ ಬಂದವರು ಮತ್ತೆ ಬೇರೆಲ್ಲೂ ಹೋಗಿ ನೆಲೆಸಲಿಲ್ಲ. ಮಕ್ಕಳಿರಲಿಲ್ಲ. ಮಾತು ಕಡಿಮೆ. ನನ್ನದು ಅದಕ್ಕೆ ಪೂರಾ ಉಲ್ಟಾ. ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಮಾತು. ಇಬ್ಬರಿಗೂ ಸೇರಿ ಆಗುವಷ್ಟನ್ನು ನಾನೊಬ್ಬಳೇ ಆಡುತ್ತಿದ್ದೆ.

ಪಿಟೀಲು ಅಜ್ಜನ ಕಾಲದ್ದು. ಗಿರಿಯ ಕಡೆ ಕಾಫಿ ತೋಟ ಇಟ್ಟುಕೊಂಡಿದ್ದ ಬಿಳಿಯ ಸಾಹೇಬನೊಬ್ಬ ಊರು ಬಿಟ್ಟು ಹೋಗುವಾಗ ಮನೆಯ ಸಾಮಾನನ್ನೆಲ್ಲ ಹರಾಜು ಹಾಕಿದನಂತೆ. ಮೇಜು ಕುರ್ಚಿ ತರಲು ಹೋದ ಅಜ್ಜ ಪಿಟೀಲು ಹಿಡಿದುಕೊಂಡು ಬಂದರಂತೆ. ಅಜ್ಜಿ ಒಂದು ವಾರ ಮಾತು ಬಿಟ್ಟಿದ್ದರಂತೆ. ಅಜ್ಜ ಮಠದ ಸೋಮವಾರದ ಭಜನೆಗೆ ಹೋಗಿ ಹೋಗಿ, ಅಲ್ಲಿಗೆ ಬರುತ್ತಿದ್ದ ಮೇಷ್ಟರೊಬ್ಬರಿಂದ ಕಲಿತು, ತಕ್ಕಮಟ್ಟಿಗೆ ನುಡಿಸುವಂತಾದರು. ಅತ್ತೆ ತವರಿಗೆ ಬಂದು ಮೂಲೆ ಹಿಡಿದು ಕೂತಾಗ, ಅಳುವ ಮಗಳ ಕೈಗೆ ಅಜ್ಜ ಕೊಟ್ಟಿದ್ದು ಅದನ್ನೇ. ಮೊದಲು ಹೊತ್ತು ಹೋಗಲಿ ಅಂತ ಶುರುವಾಗಿದ್ದು. ಆಮೇಲೆ ಅಜ್ಜನನ್ನೂ ಮೀರಿಸಿ ನುಡಿಸತೊಡಗಿದರು. ಮಠದಲ್ಲಿ ವಚನ ಹಾಡುವವರು ಪಕ್ಕದಲ್ಲಿ ಅತ್ತೆ ಇಲ್ಲದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಊರಿನ ನಾಲ್ಕು ಹುಡುಗಿಯರು ಸಂಜೆ ಆರಕ್ಕೆ ಪಾಠಕ್ಕೆ ಬರುತ್ತಿದ್ದರು. ಅವರನ್ನು ಕಳಿಸಿ, ದೀಪ ಹಚ್ಚಿ, ಅತ್ತೆ ತಮಗಾಗಿ ಒಂದು ಗಂಟೆ ನುಡಿಸುತ್ತಿದ್ದರು. ಆ ಒಂದು ಗಂಟೆ ಅವರನ್ನು ಯಾರೂ ಏನೂ ಕೇಳುವ ಹಾಗಿರಲಿಲ್ಲ. ಉಪ್ಪು ಎಲ್ಲಿದೆ ಅಂತ ಕೂಡ.

ಇಷ್ಟಾದರೂ ಪಿಟೀಲು ಅತ್ತೆಯದಾಗಿರಲಿಲ್ಲ. ಮನೇದು. ಅಜ್ಜ ಹೋದ ಮೇಲೆ ಮನೆ, ಅಂಗಡಿ, ತೆಂಗಿನ ತೋಟ ಎಲ್ಲಾ ಅಪ್ಪನ ಖಾತೆಗೆ ಬಂದವು. ಪಿಟೀಲನ್ನು ಯಾರೂ ಯಾರ ಹೆಸರಿಗೂ ಬರೆಯಲಿಲ್ಲ, ಬರೆಯುವಂಥ ವಸ್ತು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಹಜಾರದ ಗೋಡೆಯ ಮೊಳೆಗೆ ಅದರ ಚೀಲ ನೇತಾಡುತ್ತಿತ್ತು, ಅತ್ತೆ ತೆಗೆದು ನುಡಿಸಿ ಮತ್ತೆ ನೇತುಹಾಕುತ್ತಿದ್ದರು.

ಅಜ್ಜ ಒಂದು ಪದ್ಧತಿ ಮಾಡಿಟ್ಟು ಹೋಗಿದ್ದರು. ಆಯುಧ ಪೂಜೆಯ ದಿನ ಅಂಗಡಿಯ ತಕ್ಕಡಿ, ಮಚ್ಚು, ತೆಂಗಿನಕಾಯಿ ಸುಲಿಯುವ ಹಾರೆ, ಇವುಗಳ ಸಾಲಿನಲ್ಲಿ ಪಿಟೀಲನ್ನೂ ಮಣೆಯ ಮೇಲೆ ಮಲಗಿಸಿ ಪೂಜೆ. ತಕ್ಕಡಿಗೆ ವಿಭೂತಿ ಬಳಿದ ಹಾಗೆ ಪಿಟೀಲಿಗೆ ಬಳಿಯುವ ಹಾಗಿಲ್ಲ, ಮೆರುಗು ಹಾಳಾಗುತ್ತೆ. ಹೂವು ಇಟ್ಟರೆ ಜಾರಿ ಬೀಳುತ್ತೆ. ಹಾಗಾಗಿ ಅಜ್ಜ ಒಂದೊಂದು ಚಿಟಿಕೆ ಅಕ್ಷತೆಯನ್ನು ಅದರ ಹೊಟ್ಟೆಯ ಮೇಲಿರುವ ಎರಡು ಕಿಂಡಿಗಳಿಂದ ಒಳಗೆ ಬಿಡುತ್ತಿದ್ದರಂತೆ. ದೇವರು ಇರೋದು ಒಳಗಲ್ಲವಾ, ಅಲ್ಲಿಗೇ ಹೋಗಲಿ ಅಂತ. ಮರುದಿನ ಬೆಳಿಗ್ಗೆ ಅಲ್ಲಾಡಿಸಿ ಕೆಡವುವುದು. ಅತ್ತೆ ಅದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ. ನಮ್ಮ ಮನೆಯ ಅಕ್ಷತೆಯೂ ಸಾಮಾನ್ಯದ್ದಲ್ಲ. ಅಕ್ಕಿಗೆ ತುಪ್ಪ ಸವರಿ, ಅದರ ಮೇಲೆ ಕೈತುಂಬ ಅರಿಶಿನ ಕಲೆಸಿದ್ದು. ಮುಟ್ಟಿದ ಬೆರಳು ಎರಡು ದಿನ ಹಳದಿಯಾಗಿರುತ್ತಿತ್ತು.

ಆ ವರ್ಷ ವಿಜಯದಶಮಿಯ ಬೆಳಿಗ್ಗೆ ಅತ್ತೆ ಪಿಟೀಲನ್ನು ಬೋರಲು ಹಿಡಿದು ಅಲ್ಲಾಡಿಸುತ್ತಿದ್ದರು. ಕಾಳು ಪಟಪಟ ಉದುರಿದವು. ಒಂದೆರಡು ಒಳಗೇ ಉಳಿದು ಗರಗರ ಅನ್ನುತ್ತಿದ್ದವು. ಬ್ಯಾಟರಿ ತಗೊಂಡು ಬಾ, ನಿನ್ನ ಕಣ್ಣು ಚುರುಕು, ಎಲ್ಲಿ ಸಿಕ್ಕಿಕೊಂಡಿದೆ ನೋಡು ಅಂದರು. ನಾನು ಬ್ಯಾಟರಿ ಬೆಳಕು ಬಿಟ್ಟು ಕಿಂಡಿಯೊಳಗೆ ಇಣುಕಿದೆ. ಕಾಳು ಕಾಣಲಿಲ್ಲ. ಎಡಗಡೆಯ ಕಿಂಡಿಯ ಕೆಳಗೆ, ಒಳಮೈಗೆ ಅಂಟಿಕೊಂಡ ಒಂದು ಚೀಟಿ ಕಂಡಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹಳದಿ ಅಂದರೆ ಅಂಥಿಂಥ ಹಳದಿಯಲ್ಲ, ಹಳೆಯ ಗ್ರಂಥದ ಗರಿಯ ಹಾಗೆ. ಕೆಳಭಾಗದಲ್ಲಿ ಕೊಳೆ ಮೆತ್ತಿತ್ತು, ಮೇಲಿನ ಎರಡು ಸಾಲು ಮಾತ್ರ ಓದಲು ಬರುತ್ತಿತ್ತು. ಅದೂ ಇಂಗ್ಲಿಷಲ್ಲ. ಯಾವುದೋ ಹೆಸರು, ಯಾವುದೋ ಊರು. ಆಮೇಲೆ ಇಸವಿ. ಮೊದಲ ಎರಡು ಅಂಕಿ ಅಚ್ಚಿನಲ್ಲಿ: ಒಂದು, ಏಳು. ಮುಂದಿನ ಎರಡು ಯಾರೋ ಕೈಯಲ್ಲಿ ಬರೆದ ಹಾಗೆ ಮಸುಕು ಮಸುಕು.

ಹದಿನೇಳುನೂರ ಚಿಲ್ಲರೆ. ಆ ಹೆಸರನ್ನು ನಾನು ಓದಿದ್ದೆ. ಶಾಲೆಯ ಲೈಬ್ರರಿಗೆ ಬರುತ್ತಿದ್ದ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅವನ ಬಗ್ಗೆ ನಾಲ್ಕು ಪುಟದ ಲೇಖನ ಬಂದಿತ್ತು. ಇಟಲಿಯವನು, ಇನ್ನೂರೈವತ್ತು ವರ್ಷದ ಹಿಂದೆ ಪಿಟೀಲು ಮಾಡುತ್ತಿದ್ದವನು, ಅವನ ಕೈಯ ಒಂದೊಂದು ಪಿಟೀಲೂ ಇವತ್ತು ಲಕ್ಷಗಟ್ಟಲೆ ಬಾಳುತ್ತದೆ, ಯಾರದೋ ಮನೆಯ ಅಟ್ಟದಲ್ಲಿ ಒಂದು ಸಿಕ್ಕಿ ಅವರ ಹಣೆಬರಹವೇ ಬದಲಾಯಿತು, ಹೀಗೆಲ್ಲ. ನಾನು ಕೂಗಿದ ಕೂಗಿಗೆ ಅಪ್ಪ ಬಚ್ಚಲಿಂದ ಸೋಪಿನ ಮುಖದಲ್ಲೇ ಓಡಿಬಂದರು, ಯಾರಿಗೋ ಹಾವು ಕಚ್ಚಿತು ಅಂದುಕೊಂಡು.

ಅಪ್ಪನಿಗೆ ಅರ್ಥಮಾಡಿಸಲು ಅರ್ಧ ಗಂಟೆ ಬೇಕಾಯಿತು. ಅರ್ಥವಾದ ಮೇಲೆ ಅವರನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ಬ್ಯಾಟರಿ ಹಿಡಿದು ಹತ್ತು ಸಲ ಇಣುಕಿದರು. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅಷ್ಟೇ. ಒಂದೊಂದೇ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಸಾಹೇಬನ ಮನೆಯ ವಸ್ತು ಅಂದ ಮೇಲೆ ಸುಳ್ಳಿರೋದಕ್ಕೆ ಸಾಧ್ಯವೇ ಇಲ್ಲ, ಬಿಳಿಯರು ಅಂಥಾದ್ದನ್ನೇ ಇಟ್ಟುಕೊಂಡಿರುತ್ತಿದ್ದರು ಅಂದರು. ಕಾಗದ ನೋಡು, ಎಷ್ಟು ಹಣ್ಣಾಗಿದೆ ಅಂದರು. ಕೊಬ್ಬರಿ ಬಟ್ಟಲನ್ನು ಕೈಯಲ್ಲಿ ತಿರುಗಿಸಿ ಎಷ್ಟು ದಿನದ್ದು ಅಂತ ಹೇಳುವವರು ಅವರು. ಕಾಗದದ ವಯಸ್ಸೂ ಹಾಗೇ ಬಣ್ಣದಲ್ಲಿ ತಿಳಿಯುತ್ತೆ ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ನನಗೂ ಇರಲಿಲ್ಲ, ಅದನ್ನು ಮುಚ್ಚಿಡುವುದೇಕೆ. ಅಪ್ಪ ಆ ಮಧ್ಯಾಹ್ನವೇ ಎಣ್ಣೆ ಮಿಲ್ಲು ಹಾಕುವ ಲೆಕ್ಕಾಚಾರ ಶುರುಮಾಡಿದರು. ನನ್ನ ಕಡೆ ತಿರುಗಿ, "ನೀನೂ ಮೈಸೂರಿಗೆ ಹೋಗಿ ಎಂ.ಎಸ್ಸಿ. ಓದ್ಕೊ, ಅದಕ್ಕೇನಂತೆ" ಅಂದರು.

ಎಂ.ಎಸ್ಸಿ. ಓದಬೇಕು ಅಂತ ಎರಡು ವರ್ಷದಿಂದ ನಾನು ಮನೆಯಲ್ಲಿ ಜಗಳ ಮಾಡುತ್ತಲೇ ಇದ್ದೆ. ಹಾಸ್ಟೆಲ್ಲಿಗೆ ಎಲ್ಲಿಂದ ತರಲಿ ಅಂತ ಅಪ್ಪ ಮಾತು ಮುರಿಯುತ್ತಿದ್ದರು. ಆವತ್ತು ಅವರೇ ಬಾಯಿಬಿಟ್ಟು ಅಂದುಬಿಟ್ಟರಲ್ಲ, ಕುಣಿದಾಡುವುದೊಂದು ಬಾಕಿ ನನಗೆ. ಅತ್ತೆ ಅಲ್ಲೇ ಕಂಬಕ್ಕೆ ಒರಗಿ, ಕೆಳಗೆ ಬಿದ್ದ ಅಕ್ಷತೆ ಕಾಳುಗಳನ್ನು ಆರಿಸಿ ಅಂಗೈಗೆ ಹಾಕಿಕೊಳ್ಳುತ್ತಿದ್ದರು. ಅವರ ಮುಖ ಹೇಗಿತ್ತು ಅಂತ ನಾನು ನೋಡಲಿಲ್ಲ.

ಸಂಜೆ ಅವರು ಪಾಠಕ್ಕೆ ಅಂತ ಚೀಲಕ್ಕೆ ಕೈ ಹಾಕಿದಾಗ ಅಪ್ಪ ತಡೆದರು. "ಮುಟ್ಬೇಡ ಕಣಕ್ಕ, ಒಂದು ಗೀರು ಬಿದ್ರೂ ಬೆಲೆ ಹೋಯ್ತದೆ" ಅಂದರು. ಬೈಗುಳವಲ್ಲ, ನಗುನಗುತ್ತಾ ಹೇಳಿದ ಮಾತೇ. ಅತ್ತೆ ಕೈ ಹಿಂದೆ ತೆಗೆದುಕೊಂಡರು. ಪಿಟೀಲು ಗೋಡೆಯ ಮೊಳೆಯಿಂದ ಬೀರುವಿನೊಳಗೆ ಹೋಯಿತು. ಬೀಗದ ಕೈ ಅಪ್ಪನ ಉಡಿದಾರಕ್ಕೆ ಹೋಯಿತು. ಪಾಠದ ಹುಡುಗಿಯರಿಗೆ ಅತ್ತೆ ಏನು ಹೇಳಿ ಕಳಿಸಿದರೋ, ಅವರು ಮತ್ತೆ ಬರಲಿಲ್ಲ.

ಮೂರು ವಾರ. ನನಗಂತೂ ಹಬ್ಬ. ಲೈಬ್ರರಿಯಿಂದ ಆ ಪತ್ರಿಕೆಯನ್ನು ತಂದು ನಾಲ್ಕು ಪುಟವನ್ನೂ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ರೈಲಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಬೇಕು ಅನ್ನಿಸುತ್ತಿತ್ತು; ಯಾರಿಗೂ ಹೇಳಬೇಡ, ಕಣ್ಣು ಬೀಳುತ್ತೆ ಅಂತ ಅಪ್ಪ ಬಾಯಿಗೆ ಬೀಗ ಹಾಕಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ಹೇಳುತ್ತಾ ಹೇಳುತ್ತಾ ನನ್ನ ಮನಸ್ಸು ಮೈಸೂರಿನ ಲ್ಯಾಬೊರೇಟರಿಯಲ್ಲಿ ಬಿಳಿಕೋಟು ಹಾಕಿಕೊಂಡು ಓಡಾಡುತ್ತಿತ್ತು. ಮನೆಗೆ ಬಂದರೆ ಸಂಜೆ ಏಳರ ಹೊತ್ತಿಗೆ ಹಜಾರ ಭಣಭಣ. ಅತ್ತೆ ದೀಪ ಹಚ್ಚಿ ಬಂದು ಅದೇ ಜಾಗದಲ್ಲಿ ಕೂರುತ್ತಿದ್ದರು. ಕೆಲಸವಿಲ್ಲದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಳ್ಳುತ್ತಿದ್ದರು. ತಂತಿ ಒತ್ತಿ ಒತ್ತಿ ಕಾಯಿ ಕಟ್ಟಿದ ಬೆರಳು. ಒಂದು ಸಂಜೆ ನನ್ನನ್ನು ಕರೆದು, "ಇದು ಮೆತ್ತಗಾಗ್ತಾ ಐತೆ ನೋಡೇ" ಅಂದರು. ಆದರೂ ನಾನೇನಂದೆ ಗೊತ್ತೇ? ದುಡ್ಡು ಬಂದ ಮೇಲೆ ಹೊಸ ಪಿಟೀಲು ಕೊಂಡುಕೊಳ್ಳಬಹುದಲ್ಲ ಅತ್ತೆ, ಇದಕ್ಕಿಂತ ಒಳ್ಳೇದು ಸಿಗುತ್ತೆ ಅಂದೆ. ಅವರು ಹೂಂ ಅಂದು ಒಳಗೆ ಹೋದರು.

ತರೀಕೆರೆಯಲ್ಲಿ ಒಬ್ಬರು ವೃದ್ಧರಿದ್ದಾರೆ, ಅರಮನೆಯ ಬ್ಯಾಂಡಿನಲ್ಲಿ ಪಾಶ್ಚಾತ್ಯ ಸಂಗೀತ ನುಡಿಸುತ್ತಿದ್ದವರು, ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದಾರೆ, ಪಿಟೀಲು ನೋಡುವುದರಲ್ಲಿ, ರಿಪೇರಿಯಲ್ಲಿ ಅವರನ್ನು ಬಿಟ್ಟರಿಲ್ಲ ಅಂತ ಅಪ್ಪನಿಗೆ ಯಾರೋ ಹೇಳಿದರು. ದೀಪಾವಳಿ ಕಳೆದ ಮೊದಲ ಭಾನುವಾರ ನಾವು ಮೂವರೂ ಹೊರಟೆವು. ಅತ್ತೆ ಬರುವುದು ಬೇಡ ಅಂತಲೇ ಅಪ್ಪನ ಅಭಿಪ್ರಾಯ. ಆದರೆ ಪಿಟೀಲನ್ನು ಬಸ್ಸಿನಲ್ಲಿ ಹೇಗೆ ಹಿಡಿಯಬೇಕು, ಕುಲುಕಿದರೆ ಏನಾಗುತ್ತೆ, ನಮಗೆ ಗೊತ್ತಿರಲಿಲ್ಲ. ಹಾಗಾಗಿ ಅತ್ತೆ ಬಂದರು. ಅಪ್ಪ ಬೀರು ತೆಗೆದು ಪಿಟೀಲನ್ನು ಅವರ ಕೈಗೆ ಇಟ್ಟಾಗ, ಮೂರು ವಾರದಿಂದ ನೋಡದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ಬೀರೂರು ದಾಟಿ ತರೀಕೆರೆ ಬರುವವರೆಗೆ ಅಪ್ಪ ಮೂರು ಸಲ ಹಿಂದೆ ತಿರುಗಿ ಹುಷಾರು ಅಂದರು.

ಆ ವೃದ್ಧರದು ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಮನೆ. ಎಂಬತ್ತು ದಾಟಿದ ಬಡಕಲು ಜೀವ, ಇಸ್ತ್ರಿ ಮಾಡಿದ ಬಿಳಿ ಷರ್ಟು, ದಪ್ಪ ಕನ್ನಡಕ. ಜಗುಲಿಯಲ್ಲೇ ಮೇಜು, ಮೇಜಿನ ಮೇಲೆ ಸಣ್ಣಸಣ್ಣ ಉಳಿ, ಅಂಟಿನ ಬಟ್ಟಲು, ಪಕ್ಕದಲ್ಲಿ ಎಲೆಅಡಿಕೆ ತಟ್ಟೆ. ಅಪ್ಪ ಕೂರುವುದಕ್ಕೆ ಮೊದಲೇ ಚೀಟಿಯ ವಿಷಯ ಹೇಳಲು ಶುರುಮಾಡಿದರು. ಅವರು ಕೈಯೆತ್ತಿ ನಿಲ್ಲಿಸಿದರು. ಚೀಟಿ ಕೊನೆಗೆ ನೋಡೋಣ ಅಂದರು. ಪಿಟೀಲನ್ನು ಬೆಳಕಿಗೆ ಹಿಡಿದು ಬೆನ್ನು ನೋಡಿದರು, ಕತ್ತು ನೋಡಿದರು, ತಲೆಯ ಸುರುಳಿಯ ಮೇಲೆ ಹೆಬ್ಬೆರಳು ಆಡಿಸಿದರು, ಮೂಸಿದರು. ಕಿವಿಗಿಟ್ಟು ಬೆರಳಲ್ಲಿ ಬಡಿದರು, ನಾವು ಮಾರುಕಟ್ಟೆಯಲ್ಲಿ ಎಳನೀರು ಬಡಿದು ನೋಡುವ ಹಾಗೆ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಕಿಂಡಿಯೊಳಗೆ ಇಳಿಸಿ ಮೂಲೆಮೂಲೆ ನೋಡಿದರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಪಕ್ಕದಲ್ಲಿ ಅತ್ತೆಯೂ ಉಸಿರು ಬಿಗಿಹಿಡಿದಿದ್ದರು. ಆದರೆ ನಾನು ಹೌದು ಅನ್ನಲಿ ಅಂತ, ಅವರು ಅಲ್ಲ ಅನ್ನಲಿ ಅಂತ. ಅದು ನನಗೆ ಹೊಳೆದಿದ್ದು ಆ ಕ್ಷಣದಲ್ಲಿ, ಅವರ ಕೈ ಸೆರಗಿನ ತುದಿಯನ್ನು ತಿರುಚುತ್ತಿದ್ದುದನ್ನು ನೋಡಿ. ಮೂರು ವಾರ ಒಂದೇ ಮನೆಯಲ್ಲಿದ್ದು ನನಗೆ ಹೊಳೆದಿರಲಿಲ್ಲ ನೋಡಿ, ಎಂಥ ವಿಜ್ಞಾನ ಓದಿದ್ದೆನೋ.

ಕೊನೆಗೆ ಅವರು ಬ್ಯಾಟರಿ ಬಿಟ್ಟು ಚೀಟಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ವಿವರಿಸಿದರು. ಈ ಹೆಸರಿನ ಚೀಟಿ ಲೋಕದಲ್ಲಿ ಸಾವಿರಾರು ಇವೆ. ನೂರು ವರ್ಷದ ಹಿಂದೆ ಬೇರೆ ದೇಶದ ಕಾರ್ಖಾನೆಗಳಲ್ಲಿ ರಾಶಿರಾಶಿ ಪಿಟೀಲು ಮಾಡಿ, ಇಂಥವನ ಮಾದರಿಯಲ್ಲಿ ಮಾಡಿದ್ದು ಅಂತ ತಿಳಿಸಲು ಅವನ ಚೀಟಿಯನ್ನೇ ಅಚ್ಚು ಹಾಕಿಸಿ ಅಂಟಿಸುತ್ತಿದ್ದರು. ಅದರಲ್ಲಿ ಮೋಸದ ಉದ್ದೇಶ ಇರಲಿಲ್ಲ, ಆಗಿನ ಗಿರಾಕಿಗೂ ಗೊತ್ತಿರುತ್ತಿತ್ತು. ಹಾಗಾಗಿ ಚೀಟಿ ನೋಡಿ ಪಿಟೀಲಿನ ಜಾತಕ ಹೇಳಲಾಗದು. ಈ ಮರ ನೋಡಿದರೂ ತಮಗೆ ಅನುಮಾನವೇ. ಅಪ್ಪನ ಮುಖ ಇಳಿಯಿತು. ಅಷ್ಟರಲ್ಲಿ ಅವರು, "ಆದ್ರೆ ಒಂದು ವಿಷಯ ನಂಗೆ ಬಗೆಹರೀತಾ ಇಲ್ಲ" ಅಂದರು. ಕಾರ್ಖಾನೆ ಚೀಟಿಗಳನ್ನು ತಾವು ನೂರಾರು ನೋಡಿದ್ದುಂಟು. ಹಳೆಯದಾದರೆ ಕಂದು ತಿರುಗುತ್ತವೆ. ಇಂಥ ಬಣ್ಣದ್ದನ್ನು ಎಲ್ಲೂ ನೋಡಿಲ್ಲ. ಯಾವ ಕಾಗದವೋ, ಯಾವ ಕಾಲದ್ದೋ. ಬೊಂಬಾಯಿಯಲ್ಲಿ ತಮ್ಮ ಪರಿಚಯದವರೊಬ್ಬರಿದ್ದಾರೆ, ವಿದೇಶದಲ್ಲಿ ಕಲಿತುಬಂದವರು, ಅವರಿಗೆ ಕಳಿಸಿದರೆ ಬಿಚ್ಚಿ ನೋಡಿ ಖಚಿತವಾಗಿ ಹೇಳುತ್ತಾರೆ, ಆರು ತಿಂಗಳಾದರೂ ಹಿಡಿಯುತ್ತೆ ಅಂದರು.

ಅಪ್ಪ ಹಿಂದೆಮುಂದೆ ನೋಡಲಿಲ್ಲ. ಆಗಲಿ ಕಳಿಸೋಣ, ಇಲ್ಲೇ ಬಿಟ್ಟು ಹೋಗ್ತೀವಿ, ನೀವೇ ವ್ಯವಸ್ಥೆ ಮಾಡಿ ಅಂದರು. ಬಿಚ್ಚಿ ನೋಡುವುದು ಅಂದರೆ ಏನು ಅಂತ ಅತ್ತೆ ನನ್ನನ್ನು ಕೇಳಿದರು, ಪಿಸುಮಾತಿನಲ್ಲಿ.

ನನ್ನ ತಲೆಯಲ್ಲಿ ಬೇರೆಯೇ ಏನೋ ಓಡುತ್ತಿತ್ತು. ಇಂಥ ಬಣ್ಣ ಎಲ್ಲೂ ನೋಡಿಲ್ಲ ಅಂದರಲ್ಲ. ಎಲ್ಲಿ ನೋಡುತ್ತಾರೆ? ಯಾವ ದೇಶದಲ್ಲಿ ಪಿಟೀಲಿನ ಹೊಟ್ಟೆಗೆ ಅಕ್ಷತೆ ಹಾಕುತ್ತಾರೆ? ನಲವತ್ತು ವರ್ಷ, ವರ್ಷಕ್ಕೆ ಎರಡು ಚಿಟಿಕೆ, ತುಪ್ಪ, ಅರಿಶಿನ, ಇಡೀ ರಾತ್ರಿ ಆ ಚೀಟಿಯ ಮೇಲೆ ಕೂತಿದ್ದು ಬೆಳಿಗ್ಗೆ ಉಜ್ಜಿಕೊಂಡು ಹೊರಬಂದಿದ್ದು. ಅಜ್ಜಂಪುರದ ಮಕ್ಕಳಿಗೆ ಅರಿಶಿನದ ಕಾಗದ ಮಾಡಿಸಿ, ಸುಣ್ಣದ ನೀರಿಗೆ ಅದ್ದಿಸಿ, ಕೆಂಪಾಯಿತಾ ನೋಡಿ ಅಂತ ತೋರಿಸಿ ಹದಿನೈದು ದಿನವೂ ಆಗಿರಲಿಲ್ಲ. ನನ್ನ ಕಣ್ಣು ಎಲೆಅಡಿಕೆ ತಟ್ಟೆಯಲ್ಲಿದ್ದ ಸುಣ್ಣದ ಡಬ್ಬಿಯ ಮೇಲೆ ನಿಂತಿತು.

ಸತ್ಯ ಹೇಳಿಬಿಡುತ್ತೇನೆ, ಒಂದು ನಿಮಿಷ ಸುಮ್ಮನಿದ್ದೆ. ಸುಮ್ಮನಿದ್ದರೆ ಬೊಂಬಾಯಿಗೆ ಹೋಗುತ್ತೆ, ಆರು ತಿಂಗಳು ಮೈಸೂರಿನ ಕನಸು ಬದುಕಿರುತ್ತೆ, ಹೇಳಲಿಕ್ಕಾಗದು, ನಿಜವೇ ಆಗಿಬಿಟ್ಟರೆ? ಆದರೆ ಗೊತ್ತಿದ್ದನ್ನು ಬಾಯಲ್ಲಿಟ್ಟುಕೊಂಡು ಕೂರುವುದು ನನ್ನ ಕೈಲಾಗದ ಕೆಲಸ. "ಒಂದು ಚೂರು ಸುಣ್ಣ ತಗೊಳ್ಳಲಾ ತಾತ?" ಅಂದೆ. ಅಪ್ಪ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು.

ನಾನು ಅಕ್ಷತೆಯ ಕಥೆ ಹೇಳುತ್ತಾ ಹೋದ ಹಾಗೆ ತಾತನ ಕನ್ನಡಕದೊಳಗೆ ಕಣ್ಣು ದೊಡ್ಡದಾಗುತ್ತಾ ಬಂತು. ಪಿಟೀಲಿನೊಳಗೆ ಅಕ್ಕಿಯಾ ಅಂತ ಎರಡು ಸಲ ಕೇಳಿದರು. ಆಮೇಲೆ ತಾವೇ ಒಂದು ಬಗ್ಗಿದ ತಂತಿಯ ತುದಿಗೆ ಹತ್ತಿ ಸುತ್ತಿ ಕೊಟ್ಟರು. ಸುಣ್ಣವನ್ನು ನೀರಿನಲ್ಲಿ ಕಲೆಸಿ, ತಿಳಿ ನಿಂತ ಮೇಲೆ ಹತ್ತಿಯನ್ನು ಅದ್ದಿದೆ. ಅವರು ಪಿಟೀಲನ್ನು ಹಿಡಿದು ಬ್ಯಾಟರಿ ಬಿಟ್ಟರು. ನಾನು ತಂತಿ ಇಳಿಸಿ ಚೀಟಿಯ ಕೆಳಗಿನ ಅಂಚಿಗೆ ಮುಟ್ಟಿಸಿದೆ. ಎಣಿಸಿದರೆ ಮೂರು ಎಣಿಸುವಷ್ಟರಲ್ಲಿ, ಮುಟ್ಟಿಸಿದ ಜಾಗ ಆರತಿ ನೀರಿನ ಹಾಗೆ ಕೆಂಪಗಾಯಿತು.

ನಾನು ಕಿರುಚಿಯೇಬಿಟ್ಟೆ. ಕನಸು ಮುರಿದಿದ್ದಕ್ಕೆ ಅಳಬೇಕಿತ್ತು, ಅಲ್ಲವೇ? ಅಳು ಎಲ್ಲಿಂದ ಬರಬೇಕು, ನನ್ನ ಪರೀಕ್ಷೆ ಗೆದ್ದಿತ್ತು. ಹತ್ತಿ ಬದಲಾಯಿಸಿ ಇನ್ನೂ ನಾಲ್ಕು ಸಲ ಒರೆಸಿದೆ. ಸುಣ್ಣಕ್ಕೆ ತುಪ್ಪದ ಜಿಡ್ಡೂ ಬಿಡತೊಡಗಿತು. ಕೊಳೆ ಅಂದುಕೊಂಡಿದ್ದೆಲ್ಲ ಅರಿಶಿನದ ಪದರ. ಅದರ ಅಡಿಯಿಂದ ಸಾಧಾರಣ ಕಾಗದ ಹೊರಬಂತು, ಕಾಗದದ ಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರ ಹೊರಬಂತು. ಈ ಸಲ ಇಂಗ್ಲಿಷಿನಲ್ಲೇ. ಜರ್ಮನಿಯಲ್ಲಿ ತಯಾರಿಸಿದ್ದು ಅಂತ. ಇಟಲಿಯಲ್ಲಿ ಕೂತು ಹದಿನೇಳುನೂರರಲ್ಲಿ ಪಿಟೀಲು ಮಾಡಿದವನು ಜರ್ಮನಿಯಲ್ಲಿ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಯಾಕೆ ಬರೆಯುತ್ತಾನೆ? ತಾತ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಅರವತ್ತು ವರ್ಷ ಪಿಟೀಲು ನೋಡಿದ್ದೀನಿ, ಇವತ್ತು ಒಂದು ಹೊಸದು ಕಲಿತೆ ಕಣಮ್ಮ ಅಂದರು. ನನಗೆ ಯಾರೋ ಚಿನ್ನದ ಪದಕ ಹಾಕಿದಷ್ಟು ಸಂತೋಷವಾಯಿತು.

ಆಮೇಲೆ ಅವರು ಅತ್ತೆಯ ಕಡೆ ತಿರುಗಿ ನೀವೇನಾ ನುಡಿಸೋರು, ಒಂದು ಸ್ವಲ್ಪ ಕೇಳಿಸಿ ಅಂದರು. ಅತ್ತೆ ಅಪ್ಪನ ಮುಖ ನೋಡಿದರು. ಅಪ್ಪ ಕೈಯಾಡಿಸಿದರು, ಇನ್ನೇನಂತೆ ಅನ್ನುವ ಹಾಗೆ. ಅತ್ತೆ ಜಗುಲಿಯ ಮೇಲೆ ಕಾಲು ಮಡಿಸಿ ಕೂತು ಶ್ರುತಿ ಮಾಡಿಕೊಂಡರು. ಮೂರು ವಾರದಿಂದ ಮುಟ್ಟದ ಬೆರಳು ಮೊದಲು ತಡವರಿಸಿತು. ಆಮೇಲೆ ಸಿಕ್ಕಿತು. ಓಣಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಇಳಿದು ನಿಂತ. ತಾತ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, ಕಾರ್ಖಾನೆಯದಾದರೂ ಗಟ್ಟಿ ವಾದ್ಯ, ನುಡಿಸಿ ನುಡಿಸಿ ಪಳಗಿದೆ, ಇಂಥ ದನಿ ಅಂಗಡಿಯಲ್ಲಿ ಸಿಗಲ್ಲ ಅಂದರು. ಅಕ್ಷತೆ ಮಾತ್ರ ಇನ್ನು ಮೇಲೆ ಹೊರಗಡೆಯೇ ಇರಲಿ ಅಂದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅಪ್ಪ ಸ್ವಲ್ಪ ಹೊತ್ತು ಮಂಕಾಗಿದ್ದರು, ಆಮೇಲೆ ಕೊಡವಿಕೊಂಡರು. ಅವರು ವ್ಯಾಪಾರಸ್ಥರು, ಹೋಗಿದ್ದನ್ನು ಹಿಡಿದು ಕೂರುವವರಲ್ಲ. ಹೋಟೆಲಿನಲ್ಲಿ ನಮಗೆ ದೋಸೆ ಕೊಡಿಸಿದರು. ಕಾಫಿ ಕುಡಿಯುತ್ತಾ ತುಂಬು ಮನಸ್ಸಿನಿಂದಲೇ ಅಂದರು:

"ಇನ್ನೇನು ಬಿಡಕ್ಕ. ಅದನ್ನ ನೀನೇ ಇಟ್ಕೊ. ಇವತ್ತಿಂದ ನಿಂದೇ."

ಅತ್ತೆ ಲೋಟ ಕೆಳಗಿಟ್ಟರು. "ನಿಜವಾದ್ದಾಗಿದ್ದಿದ್ರೆ?" ಅಂದರು.

ಅಪ್ಪ, ಅದು ಬೇರೆ ಮಾತು ಅಲ್ಲವಾ ಅಂತ ಏನೋ ಗೊಣಗಿ, ಬಿಲ್ ಕೊಡಲು ಎದ್ದುಹೋದರು. ನಾನು ಅತ್ತೆಯನ್ನೇ ನೋಡುತ್ತಿದ್ದೆ. ಅವರ ಪಿಟೀಲು ಅವರಿಗೆ ಉಳಿದಿತ್ತು, ಉಳಿಸಿದವಳು ನಾನು. ಒಂದು ಮಾತು ಹೇಳುತ್ತಾರೆ, ಬೆನ್ನು ತಟ್ಟುತ್ತಾರೆ ಅಂತ ಕಾದಿದ್ದೆ. ಅವರು ಪಿಟೀಲಿನ ಚೀಲದ ದಾರ ಬಿಗಿದು ಎದ್ದರು.

ಬಸ್ಸಿನಲ್ಲಿ ಅಪ್ಪನಿಗೆ ಮುಂದೆಲ್ಲೋ ಸೀಟು ಸಿಕ್ಕಿತು, ನಮ್ಮಿಬ್ಬರಿಗೆ ಹಿಂದೆ. ಊರು ದಾಟಿದ ಮೇಲೆ ನಾನು ತಡೆಯಲಾರದೆ, ನಾನು ಸುಮ್ಮನಿದ್ದಿದ್ದರೆ ಬೊಂಬಾಯಿಗೆ ಹೋಗಿರುತ್ತಿತ್ತು ಅತ್ತೆ ಅಂದೆ. ಹೂಂ, ಹೋಗಿರುತ್ತಿತ್ತು ಅಂದರು. ನನ್ನ ಎಂ.ಎಸ್ಸಿ.ಯೂ ಹೋಯಿತು ಅಂದೆ, ನಗುತ್ತಾ, ತ್ಯಾಗ ಮಾಡಿದವಳ ಹಾಗೆ. ಆಗ ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

"ನಿಮ್ಮಪ್ಪನ್ನ ಬಿಡು. ನೀನು ನನ್ನ ಕೈಲಿ ಬೆಳೆದೋಳು. ಅತ್ತೆ, ಹಿಂಗೆ ಓದ್ಬೇಕು, ಇದನ್ನ ಮಾರಣ್ವಾ ಅಂತ ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲೇ. ಹೂಂ ಅಂತಿದ್ನೋ ಉಹೂಂ ಅಂತಿದ್ನೋ, ನಂಗೂ ಗೊತ್ತಿಲ್ಲ. ಕೇಳ್ಬೇಕಿತ್ತು."

ಮೂರು ವಾರದಲ್ಲಿ ಚೀಟಿಯ ಬಗ್ಗೆ ನಾನು ಯಾರನ್ನು ಕೇಳಿರಲಿಲ್ಲ? ಪತ್ರಿಕೆಯನ್ನು ಕೇಳಿದ್ದೆ, ಅಪ್ಪನನ್ನು ಕೇಳಿದ್ದೆ, ಅರಮನೆ ಬ್ಯಾಂಡಿನ ತಾತನನ್ನು ಕೇಳಿದ್ದೆ. ಅಳು ಬಂತು. ಅತ್ತೆಗೆ ಕಾಣಬಾರದು ಅಂತ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ನಟಿಸಿದೆ. ಬೀರೂರಿನಲ್ಲಿ ಜನ ಇಳಿದು ಹತ್ತಿ ಬಸ್ಸು ಮತ್ತೆ ಹೊರಟಿತು. ಅತ್ತೆಯ ತೊಡೆಯ ಮೇಲೆ ಪಿಟೀಲಿನ ಚೀಲ ಭಾರವಾಗಿ ಕೂತಿತ್ತು. ಅವರ ಕಾಲು ಜೋಮು ಹಿಡಿದಿರಬೇಕು, ಮತ್ತೆ ಮತ್ತೆ ಹೊಂದಿಸಿಕೊಳ್ಳುತ್ತಿದ್ದರು.

"ಅತ್ತೆ, ಸ್ವಲ್ಪ ಹೊತ್ತು ನಾನು ಹಿಡ್ಕೊಳ್ಳಲಾ?" ಅಂತ ಕೇಳಿದೆ.

"ಬೇಡ," ಅಂದರು ಅತ್ತೆ. ಕಡೂರು ಬರುವವರೆಗೂ ತಾವೇ ಹಿಡಿದುಕೊಂಡಿದ್ದರು.